ಕನ್ನಡ ಓದಲು ಬಾರದವರ ಕೈಯಲ್ಲಿ ನಮ್ಮ ಹೆಸರು

ಮಾನ್ಯ ಸಂಪಾದಕರೇ,

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಪಂಚಾಯತು ಕಛೇರಿಗಳಲ್ಲಿ ಕನ್ನಡ ಗೊತ್ತಿಲ್ಲದ ನೌಕರರ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ನೀವು ಬರೆದದ್ದು ಕಮ್ಮಿಯೇ ಆಯಿತು. ಅಂಥದ್ದೇ ಒಂದು ಕೌಂಟರಿನಿಂದ ನಿನ್ನೆ ನಾನು ಏಳನೆಯ ಸಲ ಬರಿಗೈಲಿ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಒಬ್ಬನೇ ಮಗ ಕೆನಡಾದಲ್ಲಿದ್ದಾನೆ. ಅಪ್ಪ ಅಮ್ಮನನ್ನು ಅಲ್ಲಿಗೇ ಕರೆಸಿಕೊಳ್ಳಬೇಕೆಂದು ಅವನ ಆಸೆ. ಅದಕ್ಕೆ ಅಲ್ಲಿ ದಾರಿ ಇದೆ, ಆದರೆ ಅರ್ಜಿ ಹಾಕಲಿಕ್ಕೇ ಚೀಟಿ ಎತ್ತುತ್ತಿದ್ದರು. ಇವನು ಹೆಸರು ಕೊಟ್ಟದ್ದು 2020ರ ಅಕ್ಟೋಬರಿನಲ್ಲಿ. ಆಮೇಲೆ ಹೊಸ ಹೆಸರು ತೆಗೆದುಕೊಳ್ಳಲೇ ಇಲ್ಲ, ಆ ಹಳೇ ಪಟ್ಟಿಯಿಂದಲೇ ಕರೆಯುತ್ತಾ ಬಂದರು. 2025ರಲ್ಲಿ 17,860 ಮಂದಿಗೆ ಕರೆ ಹೋಯಿತು, ತೆಗೆದುಕೊಳ್ಳುತ್ತೇವೆ ಎಂದದ್ದು 10,000 ಅರ್ಜಿ. ಐದು ವರ್ಷ ಕಾದ ಮೇಲೆ ನಮ್ಮ ಮಗನಿಗೂ ಕರೆ ಬಂತು. ಮೂರು ವರ್ಷದ ಆದಾಯ ತೋರಿಸಬೇಕು. ಮುಂದಿನ 20 ವರ್ಷ ನಮ್ಮ ಖರ್ಚು ತನ್ನದೇ ಎಂದು ಬರೆದುಕೊಡಬೇಕು. ಅದೆಲ್ಲ ಅವನು ಮಾಡಿದ್ದಾನೆ. ನಮ್ಮ ಪಾಲಿಗೆ ಉಳಿದದ್ದು ಅವನ ಜನನ ಪ್ರಮಾಣಪತ್ರ ಕಳಿಸುವುದು. ಅವನು ನಮ್ಮ ಮಗ ಎಂದು ತೋರಿಸುವ ಕಾಗದ ಅದೇ ಅಲ್ವಾ?

1985ರ ರಿಜಿಸ್ಟರಿನಲ್ಲಿ ಆಗಿನ ಗುಮಾಸ್ತರು ನಮ್ಮ ಹೆಸರನ್ನು ಗುಂಡಗಿನ ಕನ್ನಡ ಅಕ್ಷರದಲ್ಲಿ ಸರಿಯಾಗಿ ಬರೆದಿದ್ದಾರೆ. ಅದನ್ನು ಕಂಪ್ಯೂಟರಿಗೆ ಏರಿಸಿದವರು ಹಾಳು ಮಾಡಿದ್ದಾರೆ. ನನ್ನ ಹೆಂಡತಿಯ ಹೆಸರಿನಲ್ಲಿರುವ ಲಕ್ಷ್ಮಿ ಈಗ ‘ಲೆಕ್ಷ್ಮಿ’. ಇಂಗ್ಲಿಷಿನಲ್ಲಿ ‘ಎ’ ಇರಬೇಕಾದಲ್ಲಿ ‘ಇ’. ಕೇರಳದ ತೆಂಕಣ ಜಿಲ್ಲೆಗಳಲ್ಲಿ ಹಾಗೆ ಬರೆಯುತ್ತಾರೆ, ಬರೆದುಕೊಳ್ಳಲಿ. ನಮ್ಮ ಹೆಸರನ್ನು ಯಾಕೆ ತಿದ್ದಬೇಕು? ನನ್ನ ಹೆಸರಿನ ಜೊತೆಗಿದ್ದ ಮನೆತನದ ಹೆಸರಂತೂ ಬಿಟ್ಟೇ ಹೋಗಿದೆ. ಪಾಸ್‌ಪೋರ್ಟಿನಲ್ಲಿ ಒಂದು, ಇದರಲ್ಲಿ ಒಂದು. ಅಷ್ಟು ದೂರ ಕೂತು ಕಡತ ನೋಡುವ ಅಧಿಕಾರಿಗೆ ಇಬ್ಬರೂ ಒಬ್ಬಳೇ ಎಂದು ಹೇಗೆ ಗೊತ್ತಾಗಬೇಕು?

ತಿದ್ದಿಕೊಡಿ ಎಂದು ಕನ್ನಡದಲ್ಲಿ ಅರ್ಜಿ ಕೊಟ್ಟೆ. ಓದದೆಯೇ “ಮಲಯಾಳತ್ತಿಲ್ ಎಳುದಿ ತರೂ” ಎಂದರು. ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರದ ಹುಡುಗಿ ಪಾಪ, ಮಲಯಾಳದಲ್ಲಿ ಬರೆದುಕೊಟ್ಟಳು. ಆಗ ಹಳೇ ರಿಜಿಸ್ಟರು ಓದಲು ಜನ ಇಲ್ಲ ಎಂದರು. ನಾನೇ ಓದಿ ಹೇಳುತ್ತೇನೆ ಎಂದೆ. ಅರ್ಜಿದಾರ ಓದಿದರೆ ನಡೆಯುವುದಿಲ್ಲವಂತೆ. ಎರಡು ಹೆಸರೂ ಒಬ್ಬರದೇ ಎನ್ನುವ ‘ಒನ್ ಆಂಡ್ ದ ಸೇಮ್’ ಸರ್ಟಿಫಿಕೇಟನ್ನು ವಿಲ್ಲೇಜ್ ಆಫೀಸಿನಿಂದ ತನ್ನಿ ಎಂದರು. ಅಲ್ಲಿ ಹೋದರೆ ಮೊದಲು ಪಂಚಾಯತಿನಲ್ಲಿ ತಿದ್ದಿಸಿ ಬನ್ನಿ ಎಂದರು. ಮತ್ತೊಂದು ದಿನ ಸೆಕ್ರೆಟರಿ ರಜೆ. ಇನ್ನೊಂದು ದಿನ ಸರ್ವರ್ ಇಲ್ಲ. ತೋಟಕ್ಕೆ ಮದ್ದು ಬಿಡಲು ಆಳು ಬಂದ ದಿನವೇ ಬರಹೇಳಿದರು. ಆಳು ಸಿಗುವುದು ಎಷ್ಟು ಕಷ್ಟ ಎಂದು ಇಲ್ಲಿನ ಅಡಿಕೆ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಬಿಟ್ಟು ಹೋದೆ. ನನಗೆ 71 ವರ್ಷ. ಹೆಂಡತಿಗೆ ಮೊಣಕಾಲು ನೋವು. ಅವಳ ಸಹಿಯೂ ಬೇಕು ಎಂದದ್ದಕ್ಕೆ ನಿನ್ನೆ ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಮೇಲಿನ ಮಹಡಿಗೆ ಹತ್ತಿಸಿದರು. ಆಮೇಲೆ ಸಹಿ ಇವತ್ತು ಬೇಡ ಎಂದರು. ಇಳಿಯುವಾಗ ಅವಳು ಮೆಟ್ಟಿಲಿನಲ್ಲೇ ಕೂತುಬಿಟ್ಟಳು.

ರಿಜಿಸ್ಟರಿನ ನಕಲನ್ನೇ ಅನುವಾದ ಮಾಡಿ ಕಳಿಸೋಣವೆಂದರೆ, ಇಂಗ್ಲಿಷ್ ಕಲಿಸುವ ತಮ್ಮನ ಮಗಳು ಮನೆಯಲ್ಲೇ ಇದ್ದಾಳೆ. ಆದರೆ ಹತ್ತಿರದ ಸಂಬಂಧಿಕರು ಮಾಡಿದ ಅನುವಾದವನ್ನು ಕೆನಡಾದವರು ಒಪ್ಪುವುದಿಲ್ಲ. ಅವರ ನಿಯಮ ಬಿಗಿಯೇ. ಆದರೂ ಬರೆದಿಟ್ಟಿದ್ದಾರೆ, ಓದಿದರೆ ತಿಳಿಯುತ್ತದೆ. ಇಲ್ಲಿನ ನಿಯಮ ಕೌಂಟರಿನಲ್ಲಿ ಕೂತವರ ಬಾಯಲ್ಲಿದೆ, ದಿನಕ್ಕೊಂದು.

ಬರೆದಿಟ್ಟ ನಿಯಮ ನಮಗೂ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ, ಭಾಷಾ ಅಲ್ಪಸಂಖ್ಯಾತರ ಪ್ರದೇಶದ ಕಛೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದಿದೆ. ಅದೇ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ತಪ್ಪು ತಿದ್ದುವ ಅಧಿಕಾರ ರಿಜಿಸ್ಟ್ರಾರರಿಗೆ ಇದೆ. ಇದನ್ನು ಹೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ.

ಇದು ಇವತ್ತಿನ ಕಥೆ ಅಲ್ಲ. ನಮ್ಮ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಿ ಎಷ್ಟು ವರ್ಷ ಆಯಿತೋ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಕಳಿಸಿದಾಗ ಮಕ್ಕಳೇ ಬೀದಿಗೆ ಇಳಿದರು. ಅಜ್ಜನ ಕಾಲದ ಭೂಮಿ ದಾಖಲೆ ತೋರಿಸಿದರೆ ಇದು ಏನು ಭಾಷೆ ಎಂದು ಕೇಳಿದವರಿದ್ದಾರೆ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಹೋಗಲಿ ಎಂದ ಮಹಾಜನ ವರದಿ 1967ರಿಂದ ಮೂಲೆಯಲ್ಲಿದೆ. ಅದನ್ನು ಈಗ ಕೆದಕುವುದಿಲ್ಲ. ಇಲ್ಲೇ ಇದ್ದೇವೆ, ತೆರಿಗೆ ಇಲ್ಲೇ ಕಟ್ಟುತ್ತೇವೆ. ಓಟಿನ ಸಮಯದಲ್ಲಿ ಮಾತ್ರ ಎಲ್ಲ ಪಕ್ಷದವರೂ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಆಮೇಲೆ ಕಾಣುವುದಿಲ್ಲ.

ಆ ಕೌಂಟರಿನಲ್ಲಿ ಕನ್ನಡ ಬಲ್ಲ ಒಬ್ಬರನ್ನಾದರೂ ಕೂರಿಸಿ. ಆಗದಿದ್ದರೆ ಈಗ ಇರುವವರಿಗೆ ಕಲಿಸಿ. ಕಲಿಯಲು ಮನಸ್ಸಿಲ್ಲದವರು ವರ್ಗ ಮಾಡಿಸಿಕೊಂಡು ಹೋಗಲಿ. ಜಿಲ್ಲಾಧಿಕಾರಿಗಳೋ ಶಾಸಕರೋ, ಯಾರಾದರೂ ಸರಿ, ಒಂದು ದಿನ ಹೇಳದೆ ಕೇಳದೆ ಬಂದು ಆ ಸಾಲಿನಲ್ಲಿ ನಿಂತು ನೋಡಲಿ. ಮಗನ ಅರ್ಜಿಯ ಗಡುವು ಹತ್ತಿರ ಬಂದಿದೆ. ಅದರೊಳಗೆ ಲಕ್ಷ್ಮಿಯನ್ನು ಲಕ್ಷ್ಮಿ ಎಂದೇ ಬರೆದುಕೊಡಿ.

ಇತಿ,
ಒಬ್ಬ ಕೃಷಿಕ
ಕಾಸರಗೋಡು ತಾಲೂಕು