ಸಮೀಕ್ಷೆ ರಸ್ತೆ ಬದಿಯಲ್ಲೇ ಮುಗಿಯದಿರಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮೂರಿಗೆ ಇಬ್ಬರು ಹುಡುಗರು ಸಮೀಕ್ಷೆಗೆ ಬಂದಿದ್ದರು. ಕಾಡು, ನೀರು, ತೋಟ ಇವುಗಳಲ್ಲಿ ಜನರಿಗೆ ಯಾವುದು ಮುಖ್ಯ, ಇನ್ನು ಇಪ್ಪತ್ತು ವರ್ಷಕ್ಕೆ ಈ ಸೀಮೆ ಹೇಗಿರಬೇಕು ಎಂಬ ಪ್ರಶ್ನೆಗಳು. ಒಳ್ಳೆಯ ಕೆಲಸ. ಎಷ್ಟು ಮನೆ ಆಯಿತು ಎಂದು ಕೇಳಿದೆ. ಬಸ್ ಸ್ಟಾಪಿನಿಂದ ಇಲ್ಲಿವರೆಗೆ ಹನ್ನೆರಡು, ಇನ್ನು ಮೂರು ಮನೆಗೆ ಈ ಊರು ಮುಗೀತು ಅಂದರು. ನನ್ನನ್ನು ಏನೂ ಕೇಳಲಿಲ್ಲ. ಯಜಮಾನರು ಎಲ್ಲಿ ಅಂದರು.

ನಮ್ಮ ಸಿದ್ದಾಪುರ ತಾಲ್ಲೂಕಿನಲ್ಲಿ ಊರಿನ ಮನೆಗಳು ಒಂದೇ ಕಡೆ ಇರುವುದಿಲ್ಲ. ಗುಡ್ಡದಾಚೆ ನಾಲ್ಕು, ಹಳ್ಳದ ಕೆಳಗೆ ಎರಡು. 2011ರ ಜನಗಣತಿಗೆ ಇಲ್ಲಿ ಸುತ್ತಿದವಳು ನಾನು. ಹಿಂದಿನ ವರ್ಷವೇ ಕೈಯಲ್ಲಿ ನಕ್ಷೆ ಬರೆದು, ಪ್ರತಿ ಮನೆಗೂ ನಂಬರ್ ಹಾಕಿ ಮನೆಪಟ್ಟಿ ಮಾಡಿದ್ದೆವು. ಫೆಬ್ರುವರಿ 28ರ ರಾತ್ರಿ, ಮನೆಯೇ ಇಲ್ಲದವರನ್ನೂ ಹುಡುಕಿ ಬರೆದುಕೊಂಡೆವು. ಸಮೀಕ್ಷೆಯವರು ಎಲ್ಲರನ್ನೂ ಎಣಿಸಬೇಕಿಲ್ಲ, ಸರಿ. ಆದರೆ ಅಂಥದ್ದೊಂದು ಪಟ್ಟಿ ಮೊದಲು ಬೇಕಲ್ವಾ? ಅದರಿಂದ ಚೀಟಿ ಎತ್ತಿದ ಹಾಗೆ ಮನೆ ಆರಿಸಬೇಕು. ಚೀಟಿಯಲ್ಲಿ ಬಂದ ಮನೆ ಹಳ್ಳದಾಚೆ ಇದ್ದರೆ ಹಳ್ಳ ದಾಟಲೇಬೇಕು. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಿ ಲೆಕ್ಕ ತುಂಬಿಸದೆ, ಇನ್ನೊಂದು ಸಂಜೆ ಬರಬೇಕು. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕೂಲಿಯವರು ಮನೆಯಲ್ಲಿ ಎಲ್ಲಿರುತ್ತಾರೆ?

ಒಂದೇ ಬೆಟ್ಟ ಒಬ್ಬೊಬ್ಬರಿಗೆ ಒಂದೊಂದು. ಅಡಕೆ ತೋಟದವರಿಗೆ ಅದು ಸೊಪ್ಪಿನಬೆಟ್ಟ, ತೋಟಕ್ಕೆ ಹಸಿ ಸೊಪ್ಪು, ದರಕು ಅಂದರೆ ಒಣಗಿದ ಎಲೆ ತರುವ ಜಾಗ. ತೋಟ ಇಲ್ಲದವರಿಗೆ ಮಳೆಗಾಲದ ಉಪ್ಪಾಗೆ ಎಂಬ ಹುಳಿ ಹಣ್ಣು, ಜೇನು, ಸೌದೆ. ನಮ್ಮೂರಲ್ಲಿ ರಸ್ತೆ ಬದಿಗಿರುವುದು ಹೆಚ್ಚಾಗಿ ತೋಟದವರ ಮನೆ. ನಮ್ಮದೂ ಹಾಗೇ. ಹದಿನೈದಲ್ಲ, ಐವತ್ತು ಮನೆ ಮಾಡಿದರೂ ಅದೇ ರಸ್ತೆಯಲ್ಲಿ ನಡೆದರೆ ಅದೇ ಉತ್ತರ ಜಾಸ್ತಿ ಸಲ ಸಿಗುತ್ತದೆ, ಅಷ್ಟೆ.

ಯಲ್ಲಾಪುರ, ಹಳಿಯಾಳದ ಸಿದ್ದಿಗಳಂಥ ಸಣ್ಣ ಸಮುದಾಯ ಇರುವಲ್ಲಿ ಬರೀ ಚೀಟಿ ಎತ್ತಿದರೆ ಒಂದೋ ಎರಡೋ ಮನೆ ಬಂದೀತು. ಅವರದ್ದು ಬೇರೆ ಪಟ್ಟಿ ಮಾಡಿ ಹೆಚ್ಚು ಮನೆ ಆರಿಸಲಿ. ಒಟ್ಟು ಲೆಕ್ಕದಲ್ಲಿ ಅವರ ಸಂಖ್ಯೆಗೆ ತಕ್ಕ ತೂಕ ಕೊಟ್ಟರಾಯಿತು.

ಮನೆಯೊಳಗೂ ಹಾಗೇ. ಹದಿನೆಂಟು ದಾಟಿದವರಲ್ಲಿ, ಸಮೀಕ್ಷೆಯ ದಿನದಿಂದ ಮುಂದೆ ಯಾರ ಹುಟ್ಟುಹಬ್ಬ ಮೊದಲು ಬರುತ್ತದೋ ಅವರನ್ನೇ ಕೇಳುವ ಸುಲಭದ ಪದ್ಧತಿಯೊಂದಿದೆ. ಸೊಸೆಯ ಸರದಿ ಬಂದರೆ ಸೊಸೆಯೇ ಮಾತಾಡಲಿ. ಬಾವಿಯ ತಳ ಯಾವ ತಿಂಗಳು ಕಂಡಿತು ಎಂದು ನೀರು ಸೇದುವವಳಿಗೇ ಗೊತ್ತು.

ಕೇಂದ್ರ ಸರ್ಕಾರದ 2024ರ ಜುಲೈನ ಕರಡು ಅಧಿಸೂಚನೆಯಲ್ಲಿ ನಮ್ಮ ರಾಜ್ಯದ 20,668 ಚದರ ಕಿ.ಮೀ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಸೇರಿದೆ. ಬೇಕು ಅನ್ನುವವರೂ ಬೇಡ ಅನ್ನುವವರೂ ಮಲೆನಾಡಿನ ಜನರ ಹೆಸರು ಹೇಳುತ್ತಾರೆ. ಹೀಗಿರುವಾಗ ಯಾವ ಮನೆಗಳನ್ನು ಹೇಗೆ ಆರಿಸಿದರು, ಎಷ್ಟು ಮನೆ ಸಿಗಲಿಲ್ಲ ಎಂಬುದನ್ನು ಪ್ರತಿ ಸಮೀಕ್ಷೆಯೂ ಮೊದಲ ಪುಟದಲ್ಲೇ ಬರೆಯಬೇಕು.

ಆ ಹುಡುಗರು ಮತ್ತೆ ಬಂದರೆ ನಾನೇ ಜೊತೆಗೆ ಹೋಗುತ್ತೇನೆ. ಹಳ್ಳಕ್ಕೆ ಸಂಕ, ಅಂದರೆ ನಡೆದು ದಾಟುವ ಸೇತುವೆ, ಇದೆ. ಮಳೆ ಹಿಡಿಯುವ ಮೊದಲು ಬರಲಿ.

– ನಿವೃತ್ತ ಶಿಕ್ಷಕಿ, ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ