ಎಲ್ಲವನ್ನೂ ಆನ್‌ಲೈನ್ ಮಾಡುವ ಮುನ್ನ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನು ಮಾಡುವ ಆಶೀರ್ವಾದಗಳು.

ಆಸ್ಪತ್ರೆಯೊಂದರ ದಾಖಲೆ, ಔಷಧ ವಿತರಣೆ, ಹಣ ಪಾವತಿ ಎಲ್ಲವನ್ನೂ ಆನ್‌ಲೈನ್ ಮಾಡಿ ಕಾಗದವನ್ನು ಪೂರ್ತಿ ನಿಲ್ಲಿಸುವ ಹೊಣೆ ನಿನ್ನ ಹೆಗಲಿಗೆ ಬಂದಿರುವುದನ್ನು ಓದಿ ಹೆಮ್ಮೆಯಾಯಿತು. ಆದರೆ ದತ್ತಾಂಶವೆಲ್ಲ ಕ್ಲೌಡ್‌ನಲ್ಲಿ ಭದ್ರವಾಗಿರುವುದರಿಂದ ಚಿಂತೆಯಿಲ್ಲ ಎಂದು ಬರೆದಿದ್ದೀಯಲ್ಲ, ವಿದ್ಯುತ್ ಉಪಕೇಂದ್ರಗಳಲ್ಲೇ ನೌಕರಿ ಮುಗಿಸಿದ ನನಗೆ ಆ ಮಾತನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ದತ್ತಾಂಶ ಭದ್ರವಾಗಿಯೇ ಇರಬಹುದು. ಅದು ರೋಗಿಯ ಹಾಸಿಗೆಯ ಬಳಿ ನಿಂತ ದಾದಿಯ ಕೈಗೆ ಬರಬೇಕಾದರೆ ದಾರಿಯುದ್ದಕ್ಕೂ ಕರೆಂಟ್ ಇರಬೇಕು.

ಆ ದಾರಿಯನ್ನು ಒಮ್ಮೆ ನಿಧಾನವಾಗಿ ನೋಡು. ನೀನು ಕ್ಲೌಡ್ ಎನ್ನುವುದು ನಿಜಕ್ಕೂ ಇರುವ ಕಂಪ್ಯೂಟರುಗಳ ಕಟ್ಟಡವಾದ ಡೇಟಾ ಸೆಂಟರಿನಲ್ಲಿ ಯುಪಿಎಸ್ ಬ್ಯಾಟರಿಗಳಿರುತ್ತವೆ, ಅವುಗಳ ಬೆನ್ನಿಗೆ ಡೀಸೆಲ್ ಜನರೇಟರ್‌ಗಳಿರುತ್ತವೆ. ಅಲ್ಲಿಂದ ಹೊರಟ ಮಾಹಿತಿ ಫೈಬರ್ ಎಂಬ ಗಾಜಿನ ಎಳೆಯಲ್ಲಿ ಬೆಳಕಾಗಿ ಸಾಗುತ್ತದೆ ಎಂದಮಾತ್ರಕ್ಕೆ ಅದಕ್ಕೆ ವಿದ್ಯುತ್ತಿನ ಹಂಗಿಲ್ಲ ಎಂದುಕೊಳ್ಳಬೇಡ. ಸಮುದ್ರದಡಿಯ ಕೇಬಲ್‌ಗಳಲ್ಲಿ ಸುಮಾರು 60ರಿಂದ 100 ಕಿಲೋಮೀಟರಿಗೊಂದರಂತೆ ಆ ಬೆಳಕನ್ನು ಮತ್ತೆ ಬಲಪಡಿಸುವ ರಿಪೀಟರ್‌ಗಳಿವೆ. ಅವುಗಳಿಗೆ ಬೇಕಾದ ವಿದ್ಯುತ್ತು ಎರಡೂ ದಡಗಳ ಕೇಂದ್ರಗಳಿಂದ, ಸಾವಿರಾರು ವೋಲ್ಟ್ ಒತ್ತಡದಲ್ಲಿ, ಅದೇ ಕೇಬಲ್ಲಿನೊಳಗಿನ ಲೋಹದ ವಾಹಕದ ಮೂಲಕ ಹರಿಯುತ್ತದೆ. ದಡ ಸೇರಿದ ಮೇಲೆ ರಕ್ಷಣೆ ತೆಳುವಾಗುತ್ತಾ ಹೋಗುತ್ತದೆ. ಮೊಬೈಲ್ ಟವರಿನ ಬ್ಯಾಟರಿ ಸಾಮಾನ್ಯವಾಗಿ ಕೆಲವು ಗಂಟೆಗಳ ಮಾತು, ಮನೆಯ ರೂಟರಿಗೋ ಬಹುಪಾಲು ಯಾವ ಆಸರೆಯೂ ಇರುವುದಿಲ್ಲ.

2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ವಿದ್ಯುತ್ ಜಾಲ ಒಮ್ಮೆಲೇ ಕುಸಿದಾಗ ನಡೆದದ್ದು ಇದೇ. ಮೊದಮೊದಲು ಹಲವು ಟವರುಗಳು ಬ್ಯಾಟರಿಯ ಬಲದಿಂದ ಕೆಲಸ ಮಾಡಿದವು, ಹೊತ್ತು ಏರಿದಂತೆ ಒಂದೊಂದಾಗಿ ಮೌನವಾದವು. ಹಲವೆಡೆ ಕಾರ್ಡ್ ಪಾವತಿ ನಿಂತು, ಕೈಯಲ್ಲಿ ನಗದು ಇದ್ದವರಿಗೆ ಮಾತ್ರ ವ್ಯಾಪಾರ ಸಾಧ್ಯವಾಯಿತು. ಸುದ್ದಿ ತಿಳಿಯಲು ಜನ ಬ್ಯಾಟರಿ ರೇಡಿಯೋಗಳನ್ನು ಹುಡುಕಿಕೊಂಡು ಹೋದರು. ಇಂಥ ದಿನದಲ್ಲಿ ಮೊದಲು ನಲುಗುವವರು ನಗದನ್ನೇ ಇಟ್ಟುಕೊಳ್ಳದ ಯುವಕರೋ, ಫೋನನ್ನೇ ನಂಬಿದ ಒಂಟಿ ವೃದ್ಧರೋ ಎಂದು ಹೇಳುವುದು ಕಷ್ಟ.

ಈ ನಂಟು ಒಂದೇ ದಿಕ್ಕಿನದೂ ಅಲ್ಲ. ವಿದ್ಯುತ್ ಜಾಲವೂ ಈಗ ಕಂಪ್ಯೂಟರುಗಳನ್ನೇ ನೆಚ್ಚಿದೆ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ ನಿಯಂತ್ರಣ ಕೊಠಡಿಯೊಂದರ ಎಚ್ಚರಿಕೆಯ ತಂತ್ರಾಂಶ ಸದ್ದಿಲ್ಲದೆ ಕೆಟ್ಟಿತು. ವಿದ್ಯುತ್ ಮಾರ್ಗಗಳು ಒಂದರ ಹಿಂದೊಂದು ಟ್ರಿಪ್ ಆಗಿ ತಾವಾಗಿಯೇ ಕಡಿದುಕೊಳ್ಳುತ್ತಿದ್ದರೂ ಅಲ್ಲಿದ್ದವರಿಗೆ ತಿಳಿಯಲಿಲ್ಲ, ಕೊನೆಗೆ ಅಮೆರಿಕ ಮತ್ತು ಕೆನಡಾಗಳ ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದರು. 2015ರ ಡಿಸೆಂಬರಿನಲ್ಲಿ ಯುಕ್ರೇನಿನ ವಿತರಣಾ ಜಾಲಕ್ಕೆ ನುಗ್ಗಿದ ಸೈಬರ್ ದಾಳಿಕೋರರು ದೂರದಿಂದಲೇ ಬ್ರೇಕರುಗಳನ್ನು, ಅಂದರೆ ಮಾರ್ಗದ ಕರೆಂಟ್ ಕಡಿಯುವ ದೊಡ್ಡ ಸ್ವಿಚ್ಚುಗಳನ್ನು, ತೆರೆದು ಸುಮಾರು 2.25 ಲಕ್ಷ ಗ್ರಾಹಕರ ವಿದ್ಯುತ್ತನ್ನು ಕಡಿದರು. ಕೆಲವೇ ಗಂಟೆಗಳಲ್ಲಿ ಕರೆಂಟ್ ಮರಳಿತೆಂದರೆ, ಸಿಬ್ಬಂದಿ ಉಪಕೇಂದ್ರಗಳಿಗೆ ಹೋಗಿ ಬ್ರೇಕರುಗಳನ್ನು ಕೈಯಿಂದಲೇ ಹಾಕಲು ಅಲ್ಲಿ ಇನ್ನೂ ಸಾಧ್ಯವಿತ್ತು ಎಂಬುದೇ ಕಾರಣ. ನಿನ್ನ ಯೋಜನೆಯಲ್ಲಿ ನಾನು ಹುಡುಕುವುದು ಆ ಕೈಯಿಂದ ಹಾಕುವ ಬ್ರೇಕರನ್ನೇ.

ಬೇಡದ ದತ್ತಾಂಶವನ್ನು ಗುಡ್ಡೆ ಹಾಕಬೇಡ ಎಂಬುದೂ ಇದರ ಜೊತೆಗೇ ಸೇರಿದ ಮಾತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಡೇಟಾ ಸೆಂಟರುಗಳು ಜಗತ್ತಿನ ವಿದ್ಯುತ್ತಿನ ಶೇ. 1.5ರಷ್ಟನ್ನು ಬಳಸಿವೆ, ಐರ್ಲೆಂಡಿನಲ್ಲಂತೂ ಆ ಪಾಲು ಐದನೆಯ ಒಂದನ್ನು ಮೀರಿದೆ.

ಆದ್ದರಿಂದ ಕಾಗದವನ್ನು ಪೂರ್ತಿ ನಿಲ್ಲಿಸಬೇಡ. ಪ್ರತಿ ವಾರ್ಡಿನಲ್ಲೂ ಆಯಾ ಪಾಳಿಯ ಆರಂಭದಲ್ಲಿ ರೋಗಿಗಳ ಹೆಸರು, ಔಷಧ, ಅಲರ್ಜಿಗಳ ಪಟ್ಟಿ ಮುದ್ರಣವಾಗಲಿ. ಜನರೇಟರನ್ನು ಸುಮ್ಮನೆ ಚಾಲೂ ಮಾಡಿ ನೋಡುವುದು ಪರೀಕ್ಷೆಯಲ್ಲ, ಪೂರ್ಣ ಲೋಡ್ ಹೊರಿಸಿ ಓಡಿಸಲು ಹೇಳು. ಡೀಸೆಲ್ ಎಷ್ಟು ಹೊತ್ತಿಗೆ ಸಾಲುತ್ತದೆಂದು ಬರೆಸಿಕೋ. ಎರಡು ಕಂಪನಿಗಳ ಫೈಬರ್ ತೆಗೆದುಕೊಂಡಿದ್ದೇವೆ ಎಂದು ಯಾರಾದರೂ ಧೈರ್ಯ ಹೇಳಿದರೆ, ಅವು ಕಟ್ಟಡದೊಳಕ್ಕೆ ಬರುವ ಕೊಳವೆ ಒಂದೇ ಇದೆಯೇ, ಎರಡರ ಉಪಕರಣಗಳಿಗೂ ಒಂದೇ ಉಪಕೇಂದ್ರದಿಂದ ಕರೆಂಟ್ ಬರುತ್ತದೆಯೇ ಎಂದು ಕೇಳಿ, ನಕ್ಷೆ ತರಿಸಿಕೋ. ಅದರ ಪ್ರತಿಯೊಂದನ್ನು ನನಗೂ ಕಳಿಸಿದರೆ, ಎರಡು ಮಾರ್ಗಗಳೂ ಎಲ್ಲಿ ಒಂದಾಗುತ್ತವೆಂದು ಗುರುತು ಹಾಕಿ ಹಿಂದಿರುಗಿಸುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ