ನಿಮ್ಮ ಜಗಳಕ್ಕೆ ನಾನು ಬರಲ್ಲ

ಪುಟ್ಟೀ,

ತಮ್ಮ ಆಟದಲ್ಲಿ ತಾನೊಬ್ಬನೇ ಎರಡೆರಡು ಸಲ ಆಡ್ತಾನೆ, ಅವನಿಗೆ ನ್ಯಾಯ ಅಂದ್ರೇನು ಅಂತಾನೇ ಗೊತ್ತಿಲ್ಲ, ಬಂದು ಬುದ್ಧಿ ಹೇಳು ಅಂತ ಅಜ್ಜಿ ಮನೆಯಿಂದ ಫೋನ್ ಮಾಡಿದ್ದೆಯಲ್ಲ. ನಾನು ಬರಲ್ಲ. ಯಾಕೆ ಅಂತ ಬರೆಯುತ್ತೇನೆ.

ಮೊದಲು ಅವನಿಗೊಂದು ಕಥೆ ಹೇಳಿ ನೋಡು. ಊಟಕ್ಕೆ ಕರೆದರು ಅಂತ ಒಬ್ಬ ಹುಡುಗ ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ಕುರ್ಚಿ ಮೇಲೆ ತಟ್ಟೆ, ಅದರಲ್ಲಿ 15 ಕಪ್. ಪಾಪ, ಅವನಿಗೆ ಗೊತ್ತೇ ಇರಲಿಲ್ಲ. ಎಲ್ಲಾ ಚೂರು. ಇನ್ನೊಬ್ಬ ಅಮ್ಮ ಇಲ್ಲದಾಗ ಕಪಾಟಿನ ಜಾಮ್‌ಗೆ ಕೈ ಹಾಕಲು ಹೋಗಿ ಒಂದೇ ಕಪ್ ಒಡೆಯುತ್ತಾನೆ. ಯಾರದು ಜಾಸ್ತಿ ತಪ್ಪು? ನೀನು ಥಟ್ಟನೆ ಜಾಮ್ ಹುಡುಗ ಅನ್ನುತ್ತೀಯ. ನಿನ್ನ ತಮ್ಮ 15 ಕಪ್‌ನವನು ಅಂದರೆ ನಗಬೇಡ. ಅವನಿಗಿನ್ನೂ ಐದು ವರ್ಷ. ಆ ವಯಸ್ಸಲ್ಲಿ ಎಷ್ಟು ಒಡೆಯಿತು ಅನ್ನೋದೇ ಲೆಕ್ಕ, ಯಾಕೆ ಒಡೆಯಿತು ಅನ್ನೋದು ಆಮೇಲೆ.

ಈ ಕಥೆ ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆಯವರದು. ಮಕ್ಕಳು ಸರಿ-ತಪ್ಪನ್ನು ಹೇಗೆ ಅಳೆಯುತ್ತಾರೆ ಅನ್ನೋದರ ಬಗ್ಗೆ 1932ರಲ್ಲಿ ಅವರ ಪುಸ್ತಕ ಬಂತು. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಗೋಲಿ ಆಟ. ಅಷ್ಟು ದೊಡ್ಡ ಪಂಡಿತರು ಜಿನೀವಾದ ಮಕ್ಕಳ ಹತ್ತಿರ ಹೋಗಿ, ನನಗೆ ಆಟ ಮರೆತುಹೋಗಿದೆ, ಹೇಳಿಕೊಡಿ ಅಂದರು! ಆಟದ ನಿಯಮ ಬದಲಾಯಿಸಬಹುದಾ ಅಂತ ಕೇಳಿದರೆ ಚಿಕ್ಕವರು ಸುತಾರಾಂ ಒಪ್ಪಲಿಲ್ಲ. ಅದು ಅಪ್ಪನೋ ದೇವರೋ ಮಾಡಿಟ್ಟದ್ದಂತೆ. ತಮಾಷೆ ಅಂದರೆ, ಆಡುವಾಗ ಅವರೇ ಮನಸ್ಸಿಗೆ ಬಂದಂತೆ ಆಡುತ್ತಿದ್ದರು. ನಿನ್ನ ತಮ್ಮನ ಹಾಗೇ ಅಲ್ವಾ? ಹತ್ತು ಹನ್ನೊಂದರ ಹೊತ್ತಿಗೆ ಮಾತು ಬದಲಾಗುತ್ತದೆ. ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಅನ್ನುತ್ತಾರೆ.

ಇದನ್ನು ದೊಡ್ಡವರು ಹೇಳಿಕೊಟ್ಟಿದ್ದಲ್ಲ, ಸರೀಕರ ಜೊತೆ ಆಡಿ, ಕಿತ್ತಾಡಿ, ರಾಜಿಯಾಗಿ ಬಂದದ್ದು ಅಂತ ಪಿಯಾಜೆ ನಂಬಿದ್ದರು. ನನಗೂ ಹಾಗೇ ಅನ್ನಿಸುತ್ತದೆ.

ಹಾಗಂತ ಅವರು ಹೇಳಿದ್ದೆಲ್ಲ ಸರಿಯೇನಲ್ಲ. ಚಿಕ್ಕ ಮಕ್ಕಳನ್ನು ಅವರು ಸ್ವಲ್ಪ ಕಡಿಮೆ ಅಂದಾಜು ಮಾಡಿದರು. ಟೀಚರ್ ಪರವಾಗಿಲ್ಲ ಅಂದರೂ ಹೊಡೆಯೋದು ತಪ್ಪೇ ಅಂತ ಪುಟಾಣಿಗಳೂ ಹೇಳುತ್ತಾರೆ ಅನ್ನೋದನ್ನ ಆಮೇಲೆ ಮನಃಶಾಸ್ತ್ರಜ್ಞ ಎಲಿಯಟ್ ಟ್ಯೂರಿಯಲ್ ಮತ್ತು ಜೊತೆಗಾರರು ತೋರಿಸಿದರು. ಹಾಗಾಗಿ ತಮ್ಮನಿಗೆ ಏನೂ ಗೊತ್ತಿಲ್ಲ ಅನ್ನಬೇಡ.

ನಾನು ಬಂದು ತೀರ್ಪು ಕೊಟ್ಟರೆ ಅವನು ನನಗೆ ಹೆದರಿ ಸುಮ್ನಾಗುತ್ತಾನೆ, ಅಷ್ಟೇ. ನೀನಾದರೆ 'ಹಂಗಾದ್ರೆ ನನಗೂ ಎರಡು ಸಲ' ಅಂತ ಪಟ್ಟು ಹಿಡಿಯಬಹುದು. ಅವನು ಯೋಚನೆ ಮಾಡಲೇಬೇಕಾಗುತ್ತದೆ. ಕಲ್ಲು ಎತ್ತಿದರೆ ಮಾತ್ರ ಅಜ್ಜಿಯನ್ನು ಕೂಗು.

ನಿನ್ನ ಅಮ್ಮ